ಬದುವಿನ ಮೇಲಿನ ಬನ್ನಿ

ನಮ್ಮ ಮಣ್ಣೂರ ಕಡೆ ಹೊಲದ ಬೇಲಿ ಅಂದರೆ ಮುಳ್ಳು. ಜಾಲಿಯ ಟೊಂಗೆ ಕಡಿದು ಬದುವಿನ ಉದ್ದಕ್ಕೂ ಒಟ್ಟಿದರೆ ಬೇಲಿ ಆಯಿತು. ಅದರ ಆಚೆ ಪಕ್ಕದ ಹೊಲದ ಕಾಕಾ, ಈಚೆ ನಾವು. ಭೀಮೆಯ ದಂಡೆಯ ಈ ಎರಿ ನೆಲದಲ್ಲಿ ಹರಟೆಗೆ ಬೇರೆ ಕಟ್ಟೆ ಬೇಕಾಗಿಲ್ಲ. ಮಳೆ ಬಂತೋ ಇಲ್ಲವೋ, ತೊಗರಿಗೆ ಏನು ರೇಟು, ಸೊನ್ನ ಬ್ಯಾರೇಜಿನಲ್ಲಿ ನೀರೆಷ್ಟು, ಯಲ್ಲಮ್ಮನ ಗುಡಿಗೆ ಯಾವ ಊರಿನ ಮಂದಿ ಬಂದಿದ್ದರು, ಇವೆಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲುವುದು ಇಬ್ಬರ ಹೊಲದ ನಡುವಿನ ಬನ್ನಿಗಿಡದ ಹತ್ತಿರ.

“ತಮ್ಮಾ, ಆ ಮುಳ್ಳಿನ ಗಿಡ ತೆಗಸಿಬಿಡು. ಒಡ್ಡು ಹಾಕಾಕ ಜೆಸಿಬಿ ಹೆಂಗೂ ಬರತದ. ಎರಡು ಸಾಲ ತೊಗರಿ ಹೆಚ್ಚಿಗಿ ಬೀಳತಾವ” ಅನ್ನುತ್ತಾರೆ ಕಾಕಾ.

ಕಾಕಾನ ಮಾತಿನಲ್ಲಿ ತಪ್ಪು ಹುಡುಕುವುದಿಲ್ಲ. ಒಕ್ಕಲುತನ ಮಾಡುವವರಿಗೆ ಸಾಲಿನ ಲೆಕ್ಕ ಇರಲೇಬೇಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕ ಮೇಲಂತೂ ಒಂದೊಂದು ಸಾಲಿಗೂ ಬೆಲೆ ಇದೆ ಅಂತ ಎಲ್ಲರಿಗೂ ಅನ್ನಿಸುತ್ತದೆ. ಆದರೆ ಬನ್ನಿಯ ಲೆಕ್ಕವನ್ನು ಒಂದು ಹಂಗಾಮಿನ ತೊಗರಿಯಿಂದ ಅಳೆಯಲು ಬರುವುದಿಲ್ಲ. ಅದಕ್ಕೇ ಕಾಕಾನಿಗೆ ನಾನು ಹೇಳುವ ಮಾತು ಸ್ವಲ್ಪ ಉದ್ದ.

ಮೊದಲು ಮುಳ್ಳಿನ ವಿಷಯ. ಮುಳ್ಳಿದ್ದ ಗಿಡವೆಲ್ಲ ಬರದ ನಾಡಿನದು ಅಂತ ನಮ್ಮ ಕಡೆ ನಂಬಿಕೆ. ಉತ್ತರ ಕನ್ನಡದ, ದಕ್ಷಿಣ ಕನ್ನಡದ ಕಾಡಿಗೆ ಹೋದವರಿಗೆ ಗೊತ್ತು, ಮಳೆ ಸುರಿಯುವ ನಾಡಿನಲ್ಲೂ ಮುಳ್ಳು ಹೊತ್ತ ಗಿಡಗಳಿವೆ. ಹಣ್ಣುಸಂಪಿಗೆ ಅಂಥದ್ದು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ತಾನಾಗಿ ಬೆಳೆಯದ ನಿತ್ಯಹಸಿರು ಗಿಡ ಅದು. ದೊಡ್ಡ ಮರಗಳ ನೆರಳಿನಲ್ಲಿ, ಎಲೆ ಕೊಳೆತು ಮೆತ್ತಗಾದ ಹಸಿ ಮಣ್ಣಿನಲ್ಲಿ ನಿಲ್ಲುತ್ತದೆ. ಕಾಂಡಕ್ಕೂ ಟೊಂಗೆಗೂ ಗಟ್ಟಿ ಮುಳ್ಳು, ಕೆಂಪಗೆ ಹಣ್ಣು. ಹಕ್ಕಿ, ಮಂಗ, ದನ ಕಾಯುವ ಹುಡುಗರು ಎಲ್ಲರಿಗೂ ಆ ಹಣ್ಣು ಪ್ರಿಯ. ಸುತ್ತಲೂ ಹಸಿರೇ ಇರುವ ಕಾಡಿನಲ್ಲಿ ಎಳೆ ಗಿಡವನ್ನು ಮೇಯುವ ಬಾಯಿಗಳೂ ಬಹಳ. ಅಲ್ಲಿಯೂ ಮುಳ್ಳೇ ಕಾವಲು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ. ನಮ್ಮ ಅಫಜಲಪುರ ಸೀಮೆಗೆ ಅದರ ಹತ್ತನೆಯ ಒಂದು ಪಾಲು ಬಿದ್ದರೆ ಒಳ್ಳೆಯ ವರ್ಷ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿ ಎರಿ ನೆಲ ಕಾಲು ತೂರುವಷ್ಟು ಬಿರಿದಿರುತ್ತದೆ. ಆಗ ನಮ್ಮ ಹೊಲಗಳಲ್ಲಿ ಕಣ್ಣು ಹಾಯಿಸಿದರೆ ಕಪ್ಪು ಮಣ್ಣು, ಕೂಳೆ, ಧೂಳು. ಅದರ ನಡುವೆ ಹಸಿರಾಗಿ ನಿಂತಿರುವುದು ಬನ್ನಿ. ಹಳೆಯ ಎಲೆ ಪೂರ್ತಿ ಉದುರಿ ಬೋಳಾಗುವ ಮೊದಲೇ ಹೊಸ ಚಿಗುರು ಬಂದಿರುತ್ತದೆ. ಉಳಿದ ಗಿಡಗಳು ಎಲೆ ಕಳೆದುಕೊಳ್ಳುವ ಹೊತ್ತಿನಲ್ಲಿ ಇದು ಚಿಗುರುತ್ತದೆ, ಹಳದಿ ಬಣ್ಣದ ಸಣ್ಣ ಕದಿರಿನಂಥ ಹೂ ಬಿಡುತ್ತದೆ, ಜೇನು ಮುತ್ತುತ್ತದೆ. ಮಲೆನಾಡಿನ ಮುಳ್ಳುಗಿಡ ಹಸಿರಾಗಿರುವುದು ಮಳೆಯ ಕೃಪೆ. ಬನ್ನಿ ಹಸಿರಾಗಿರುವುದು ತನ್ನ ಬೇರಿನ ದುಡಿಮೆಯಿಂದ.

ಆ ಬೇರಿನ ಸುದ್ದಿ ಕಾಕಾನಿಗೆ ಹೇಳಿದಾಗ ಅವರು ನಂಬಲಿಲ್ಲ. ಬನ್ನಿಯ ತಾಯಿಬೇರು ನೆಟ್ಟಗೆ ಕೆಳಗಿಳಿಯುತ್ತದೆ. 60 ಅಡಿಗಿಂತ ಆಳಕ್ಕೆ ಇಳಿದ ಬೇರನ್ನು ಅಗೆದು ಅಳೆದ ದಾಖಲೆ ಇದೆ. ನಮ್ಮ ಜೋಳದ ಬೇರು, ತೊಗರಿಯ ಬೇರು ಮೇಲಿನ ಕೆಲವು ಅಡಿ ಮಣ್ಣಿನಲ್ಲೇ ನೀರು ಹುಡುಕುತ್ತವೆ. ದೊಡ್ಡದಾದ ಬನ್ನಿ ನೀರು ಎಳೆಯುವುದು ಬಹುಪಾಲು ಅದರ ಕೆಳಗಿನಿಂದ. ಬೆಳೆಯ ಬಾಯಿಂದ ನೀರು ಕಸಿಯುತ್ತದೆ ಅನ್ನುವ ದೂರು ಈ ಗಿಡದ ಮೇಲೆ ನಿಲ್ಲುವುದಿಲ್ಲ. ತೊಗರಿ, ಕಡಲೆಯ ಹಾಗೆ ಬನ್ನಿಯೂ ಕಾಳುಕಾಯಿ ಜಾತಿಯದು. ಅದರ ಬೇರಿನ ಗಂಟುಗಳಲ್ಲಿ ಇರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಅದು ಉದುರಿದ ಸಣ್ಣ ಸಣ್ಣ ಎಲೆಗಳ ಮೂಲಕ ಮಣ್ಣಿಗೆ ಇಳಿಯುತ್ತದೆ. ಚೀಲ ಕಟ್ಟಿ ತರುವ ಗೊಬ್ಬರದ ಕೆಲಸದಲ್ಲಿ ಒಂದಷ್ಟನ್ನು ಬದುವಿನ ಮೇಲಿನ ಗಿಡ ಪುಕ್ಕಟೆ ಮಾಡುತ್ತದೆ.

“ಖರೇ ಏನೋ?” ಅಂದರು ಕಾಕಾ.

“ಖರೇ ರೀ ಕಾಕಾ. ರಾಜಸ್ಥಾನದಾಗ ಹೊಲದ ನಟ್ಟನಡುವ ಬಿಟ್ಟಾರ, ಬದುವಿಗೂ ದೂಡಿಲ್ಲ.”

ರಾಜಸ್ಥಾನದಲ್ಲಿ ಇದರ ಹೆಸರು ಖೇಜಡಿ. 1983ರಲ್ಲಿ ಅದು ಆ ರಾಜ್ಯದ ಮರವಾಯಿತು. ನಮಗಿಂತ ಎಷ್ಟೋ ಕಡಿಮೆ ಮಳೆ ಬೀಳುವ ಮರಳುಭೂಮಿಯಲ್ಲಿ ಒಕ್ಕಲಿಗರು ಸಜ್ಜೆ, ಹೆಸರು, ಮಡಕಿಯನ್ನು ಖೇಜಡಿಗಳ ನಡುವೆಯೇ ಬಿತ್ತುತ್ತಾರೆ. ಗಿಡದ ಕೆಳಗಿನ ಮಣ್ಣಿನಲ್ಲಿ ಸಾವಯವ ಅಂಶವೂ ಸಾರಜನಕವೂ ಬಯಲಿನ ಮಣ್ಣಿಗಿಂತ ಹೆಚ್ಚು ಅನ್ನುವುದು ಜೋಧಪುರದ ಕೇಂದ್ರೀಯ ಒಣಪ್ರದೇಶ ಸಂಶೋಧನಾ ಸಂಸ್ಥೆಯವರ ಅಧ್ಯಯನಗಳಲ್ಲಿ ಕಂಡಿದೆ. ಎಳೆ ಕಾಯಿಯನ್ನು ಅಲ್ಲಿ ಸಾಂಗರಿ ಅನ್ನುತ್ತಾರೆ. ಬೇಯಿಸಿ ಒಣಗಿಸಿ ವರ್ಷವಿಡೀ ಪಲ್ಯ ಮಾಡುತ್ತಾರೆ, ಮದುವೆಯ ಊಟದಲ್ಲಿ ಅದು ಇರಲೇಬೇಕು. 1868–69ರ ಬರದಲ್ಲಿ ರಜಪೂತಾನದ ಜನ ಇದೇ ಗಿಡದ ತೊಗಟೆಯನ್ನು ಬೀಸಿ ಹಿಟ್ಟು ಮಾಡಿ ತಿಂದು ಜೀವ ಉಳಿಸಿಕೊಂಡರು.

ಅದೇ ರಾಜಸ್ಥಾನದ ಖೇಜಡಲಿ ಊರಿನ ಕಥೆ ನಮ್ಮ ಶಾಲೆಗಳ ಮಕ್ಕಳಿಗೆ ಗೊತ್ತಾಗಬೇಕು. 1730ರಲ್ಲಿ ಜೋಧಪುರದ ಅರಮನೆಯ ಕಟ್ಟಡಕ್ಕೆ ಸುಣ್ಣ ಸುಡಲು ಕಟ್ಟಿಗೆ ಬೇಕಾಗಿ ಅರಸನ ಆಳುಗಳು ಆ ಊರಿಗೆ ಬಂದರು. ಬಿಷ್ಣೋಯಿ ಹೆಣ್ಣುಮಗಳು ಅಮೃತಾ ದೇವಿ ಗಿಡವನ್ನು ತಬ್ಬಿ ನಿಂತರು, ಪ್ರಾಣ ಕೊಟ್ಟರು. ಅವರ ಹಿಂದೆ ಸುತ್ತಲಿನ ಊರುಗಳವರೂ ಬಂದು ಒಟ್ಟು 363 ಮಂದಿ ಬಲಿಯಾದರು. ಈಗ ಸೆಪ್ಟೆಂಬರ್ 11ರಂದು ದೇಶದಲ್ಲಿ ಅರಣ್ಯ ಹುತಾತ್ಮರ ದಿನ ಆಚರಿಸುವುದು ಅವರ ನೆನಪಿಗೆ. ಅವರು ಜೀವ ಕೊಟ್ಟದ್ದು ನಮ್ಮ ಬದುವಿನ ಮೇಲಿರುವ ಇದೇ ಜಾತಿಯ ಗಿಡಕ್ಕೆ. ಈ ಮಾತಿಗೆ ಕಾಕಾ ಗಿಡದ ಕಡೆ ತಿರುಗಿ ನೋಡಿದರು, ಏನೂ ಅನ್ನಲಿಲ್ಲ.

ಬನ್ನಿಗೆ ಕೆಟ್ಟ ಹೆಸರು ಬರಲು ಕಾರಣ ಇನ್ನೊಂದು ಗಿಡ. ಭೀಮೆಯ ದಂಡೆ, ಹಳ್ಳದ ಬದಿ, ಗಾಂವಠಾಣದ ಖಾಲಿ ಜಾಗ, ರಸ್ತೆಯ ಎರಡೂ ಮಗ್ಗುಲು, ಎಲ್ಲಿ ನೋಡಿದರೂ ತುಂಬಿಕೊಂಡಿರುವ ಬಳ್ಳಾರಿ ಜಾಲಿ ಅದು. ಹೆಸರಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. 1877ರ ಸುಮಾರಿಗೆ ಅದರ ಬೀಜ ಕಡಪಾ ಜಿಲ್ಲೆಗೆ ಬಂತು. ಬರಡು ನೆಲ ಹಸಿರಾಗಲಿ, ಉರುವಲು ಸಿಗಲಿ ಅನ್ನುವ ಉದ್ದೇಶ. ಉರುವಲು ಸಿಕ್ಕಿತು, ಇವತ್ತಿಗೂ ಎಷ್ಟೋ ಬಡವರ ಒಲೆ ಉರಿಯುವುದು ಅದರಿಂದ. ಇದ್ದಿಲು ಸುಡುವವರ ಹೊಟ್ಟೆಪಾಡೂ ಅದರಿಂದ. ಆದರೆ ಅದು ಇಟ್ಟ ಜಾಗ ದಾಟಿ ಹೋಯಿತು. ಅದರ ಸಿಹಿ ಕಾಯಿಯನ್ನು ಆಡು, ದನ ತಿನ್ನುತ್ತವೆ. ಬೀಜ ಹೊಟ್ಟೆಯಲ್ಲಿ ಕರಗದೆ ಹಿಕ್ಕೆಯ ಜೊತೆ ಹೊರಬಿದ್ದು, ಗೊಬ್ಬರವೂ ಅಲ್ಲೇ ಸಿಕ್ಕು, ಮೊದಲ ಮಳೆಗೆ ಮೊಳೆಯುತ್ತದೆ. ಒಂದು ಸಲ ಹಬ್ಬಿದರೆ ಅದರ ಕೆಳಗೆ ಹುಲ್ಲು ಕೂಡ ಕಷ್ಟದಿಂದ ಬೆಳೆಯುತ್ತದೆ.

ಇವೆರಡನ್ನೂ ಒಂದೇ ಅಂತ ತಿಳಿದು ಕಡಿಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗುರುತು ಹಿಡಿಯುವುದು ಕಷ್ಟವಲ್ಲ. ಬಳ್ಳಾರಿ ಜಾಲಿಗೆ ಎಲೆ ಹುಟ್ಟುವ ಗಿಣ್ಣಿನಲ್ಲಿ ಉದ್ದನೆಯ ಚೂಪು ಮುಳ್ಳು. ನಮ್ಮ ಕರಿಜಾಲಿಗೂ ಗಿಣ್ಣಿನಲ್ಲೇ ಜೋಡಿ ಮುಳ್ಳು, ಬೆಳ್ಳಗೆ, ನೆಟ್ಟಗೆ. ಬನ್ನಿಯ ಮುಳ್ಳು ಗಿಡ್ಡ, ಬುಡ ಅಗಲ, ಗುಲಾಬಿಯ ಮುಳ್ಳಿನ ಹಾಗೆ. ಅದು ಇರುವುದು ಗಿಣ್ಣಿನಲ್ಲಿ ಅಲ್ಲ, ಎರಡು ಗಿಣ್ಣುಗಳ ನಡುವಿನ ಕಡ್ಡಿಯ ಮೇಲೆ ಚದುರಿ. ಬನ್ನಿಯ ಕಾಯಿ ತೆಳ್ಳಗೆ ಉದ್ದಕ್ಕೆ ಜೋತುಬಿದ್ದಿರುತ್ತದೆ, ಬಳ್ಳಾರಿ ಜಾಲಿಯದು ದಪ್ಪ, ಹಳದಿ. ವಿಜ್ಞಾನಿಗಳು ಬಹಳ ಕಾಲ ಇವೆರಡನ್ನೂ ಪ್ರೊಸೊಪಿಸ್ ಅನ್ನುವ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಆ ಕುಲವನ್ನು ಒಡೆದು ಬನ್ನಿಯನ್ನು ಅಲ್ಲೇ ಉಳಿಸಿ, ಬಳ್ಳಾರಿ ಜಾಲಿಯನ್ನು ನೆಲ್ಟುಮಾ ಅನ್ನುವ ಬೇರೆ ಕುಲಕ್ಕೆ ಕಳಿಸಿದರು. ಸಸ್ಯಶಾಸ್ತ್ರದ ಲೆಕ್ಕದಲ್ಲೂ ಈಗ ಇವೆರಡರ ಮನೆ ಬೇರೆ ಬೇರೆ.

ಇನ್ನು ನಮ್ಮ ಹಬ್ಬದ ಮಾತು. ನವರಾತ್ರಿಯ ಒಂಬತ್ತೂ ದಿನ ಬೆಳಗಿನ ಜಾವ ನಮ್ಮ ಕಡೆಯ ಹೆಣ್ಣುಮಕ್ಕಳು ಮಿಂದು, ಆರತಿ ಹಿಡಿದು ಬನ್ನಿಯ ಕಟ್ಟೆಗೆ ಹೋಗುತ್ತಾರೆ. ಬನ್ನಿ ಮಹಾಕಾಳಿಗೆ ಅರಿಶಿನ ಕುಂಕುಮ ಏರಿಸಿ, ಸುತ್ತು ಹಾಕಿ, ಬೆಳಕು ಹರಿಯುವ ಹೊತ್ತಿಗೆ ಮನೆಗೆ ಬರುತ್ತಾರೆ. ದಸರೆಯ ಸಂಜೆ ಊರೆಲ್ಲ ಬನ್ನಿ ಮುಡಿಯುತ್ತದೆ. ವರ್ಷದ ಮನಸ್ತಾಪ ಮರೆತು ಬನ್ನಿ ಕೊಟ್ಟು ತೊಗೊಂಡು, ಬಂಗಾರದ ಹಂಗ ಇರೋಣು ಅಂತ ಹೇಳಿ ಹಿರಿಯರ ಕಾಲು ಮುಟ್ಟುತ್ತೇವೆ. ಕೋರ್ಟು ಕಚೇರಿ ಹತ್ತಿದ ಅಣ್ಣತಮ್ಮಂದಿರು ಆ ಸಂಜೆ ಒಬ್ಬರ ಮನೆಯ ಹೊಸ್ತಿಲು ಒಬ್ಬರು ತುಳಿದದ್ದನ್ನು ನಮ್ಮ ಊರುಗಳು ಕಂಡಿವೆ. ಇದರ ಜೊತೆಗೆ ಗಡಿಯಾಚೆ ಸೊಲ್ಲಾಪುರದ ಕಡೆ ಆಪಟಾ ಗಿಡದ ಎಲೆ ಹಂಚುತ್ತಾರೆ, ಅದೂ ಬಂಗಾರವೇ. ಇತ್ತ ಮೂಡಣಕ್ಕೆ ತೆಲಂಗಾಣದವರಿಗೆ ಇದು ಜಮ್ಮಿ. 2014ರಲ್ಲಿ ಹೊಸ ರಾಜ್ಯವಾದಾಗ ಅವರು ಜಮ್ಮಿಯನ್ನೇ ರಾಜ್ಯದ ಮರ ಮಾಡಿಕೊಂಡರು. ದೂರದ ಅರಬರ ನಾಡಿನಲ್ಲಿ, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಇದೇ ಗಿಡ ಗಾಫ್ ಅನ್ನುವ ಹೆಸರಿನಿಂದ ರಾಷ್ಟ್ರೀಯ ಮರ. 2019ನ್ನು ಅಲ್ಲಿನ ಸರ್ಕಾರ ಸಹಿಷ್ಣುತೆಯ ವರ್ಷ ಅಂತ ಆಚರಿಸಿದಾಗ ಅದರ ಗುರುತಾಗಿ ಗಾಫ್ ಮರದ ಚಿತ್ರ ಇಟ್ಟರು. ದುಡಿಯಲು ದುಬೈಗೆ ಹೋದ ನಮ್ಮ ಹುಡುಗರು ಅಲ್ಲಿ ನೆರಳಿಗೆ ನಿಲ್ಲುವುದು ಊರಿನ ಬನ್ನಿಯ ಕೆಳಗೇ.

ಪಾಂಡವರು ವಿರಾಟನ ಊರು ಸೇರುವ ಮುಂಚೆ ಆಯುಧ ಮುಚ್ಚಿಟ್ಟದ್ದು ಶಮೀವೃಕ್ಷದಲ್ಲಿ, ಅಂದರೆ ಇದೇ ಬನ್ನಿಯಲ್ಲಿ, ಅಂತ ಎಲ್ಲರಿಗೂ ಗೊತ್ತು. ಅರ್ಜುನ ಅದನ್ನೇ ಆರಿಸಿದ್ದಕ್ಕೆ ಕಾರಣವೂ ಮಹಾಭಾರತದಲ್ಲೇ ಇದೆ: ಸ್ಮಶಾನದ ಹತ್ತಿರದ ದೊಡ್ಡ ಗಿಡ, ಯಾರೂ ಸುಲಭವಾಗಿ ಹತ್ತಲಾರರು. ಒಂದು ವರ್ಷ ಗಾಂಡೀವವನ್ನು ಕಾದದ್ದು ಗಿಡದ ಆ ಕಠಿಣ ಮೈ. ಕಾಕಾ “ಮುಳ್ಳಿನ ಗಿಡ ಯಾಕ ಬೇಕು” ಅಂದಾಗ ನಾನು ಕೊಡುವ ಉತ್ತರಗಳಲ್ಲಿ ಇದೂ ಒಂದು. ಮುಳ್ಳಿದ್ದದ್ದಕ್ಕೇ ಅದು ಆಡಿನ ಬಾಯಿ, ಕುಡಗೋಲು, ಬರ ಎಲ್ಲ ದಾಟಿ ನಮ್ಮ ಕಾಲದವರೆಗೆ ಬಂದಿದೆ.

ಈಗ ಅದಕ್ಕೆ ಬಂದಿರುವ ಕಂಟಕ ಮುಳ್ಳಿಗೆ ಹೆದರುವಂಥದ್ದಲ್ಲ. ಎತ್ತಿನ ಕುಂಟೆ ಬದುವನ್ನು ಬಿಟ್ಟು ತಿರುಗುತ್ತಿತ್ತು, ಬದುವಿನ ಮೇಲೆ ಹುಟ್ಟಿದ ಸಸಿ ಉಳಿಯುತ್ತಿತ್ತು. ಟ್ರ್ಯಾಕ್ಟರ್ ಬದುವಿನ ಅಂಚನ್ನೂ ಕೆರೆದು ಬರುತ್ತದೆ. ಕಸಕ್ಕೆ ಹೊಡೆಯುವ ಔಷಧ ಸಸಿಗೂ ಬೀಳುತ್ತದೆ. ಕಬ್ಬು ಬಂದ ಕಡೆ ರವದಿಗೆ ಇಟ್ಟ ಬೆಂಕಿ ಬದುವಿನ ಬುಡದವರೆಗೂ ಹೋಗುತ್ತದೆ. ಎರಡು ಹೊಲ ಸೇರಿಸಿ ಒಂದು ಮಾಡುವಾಗ ಮೊದಲು ಹೋಗುವುದು ನಡುವಿನ ಬನ್ನಿ. ಬನ್ನಿ ಬೆಳೆಯುವುದು ನಿಧಾನ. ಅಜ್ಜ ನೆಟ್ಟದ್ದರ ನೆರಳಲ್ಲಿ ಮೊಮ್ಮಗ ಬುತ್ತಿ ಬಿಚ್ಚುವ ಗಿಡವನ್ನು ಜೆಸಿಬಿ ಚಹಾ ಕುಡಿಯುವ ಹೊತ್ತಿನಲ್ಲಿ ಕಿತ್ತುಹಾಕುತ್ತದೆ. ನಮ್ಮ ಜಿಲ್ಲೆಯಲ್ಲಿ ಕಾಡು ಅನ್ನುವುದೇ ಕಡಿಮೆ. ಚಿಂಚೋಳಿಯ ಕಾಡನ್ನು 2011ರಲ್ಲಿ ವನ್ಯಜೀವಿಧಾಮ ಮಾಡಿದ್ದಾರೆ, ಅದು ಇರುವುದು ಜಿಲ್ಲೆಯ ಆ ತುದಿಗೆ. ಭೀಮೆಯ ಈ ದಂಡೆಯಲ್ಲಿ ಹಕ್ಕಿಗೆ ಗೂಡು, ಜೇನಿಗೆ ಹೂ, ಆಡಿಗೆ ಕಾಯಿ, ಮಣ್ಣಿಗೆ ಹಿಡಿತ ಏನಿದ್ದರೂ ಬದುವಿನ ಗಿಡಗಳಿಂದಲೇ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳಿಗೆ ನುಗ್ಗಿದ ಮೇಲಾದರೂ ಹೊಲದ ಮಣ್ಣನ್ನು ಹಿಡಿದಿಡುವ ಬೇರಿನ ಬೆಲೆ ನಮಗೆ ಗೊತ್ತಾಗಬೇಕಿತ್ತು.

ದಸರೆಯ ದಿನ ನಾವು ಮಾಡುವುದನ್ನೂ ಹೇಳಿಬಿಡುತ್ತೇನೆ, ಯಾರೂ ಸಿಟ್ಟಾಗಬಾರದು. ಒಂದು ಚಿಗುರು ಸಾಕಾಗುವಲ್ಲಿ ಆಳೆತ್ತರದ ಟೊಂಗೆಯನ್ನೇ ಸೀಳಿ ತರುತ್ತೇವೆ. ಪೇಟೆಯಲ್ಲಿ ಮಾರಲು ಎಳೆ ಗಿಡಗಳನ್ನು ಬುಡದವರೆಗೆ ತರಿಯುತ್ತಾರೆ. ಮರುದಿನ ಬೆಳಿಗ್ಗೆ ಓಣಿಯಲ್ಲಿ ಬಾಡಿದ ಬನ್ನಿ ತುಳಿದುಕೊಂಡು ಓಡಾಡುತ್ತೇವೆ. ಮಹಾಕಾಳಿ ಅಂತ ಪೂಜೆ ಮಾಡಿದ ಗಿಡಕ್ಕೆ ಇದು ಸಲ್ಲುವ ಮರ್ಯಾದೆ ಅಲ್ಲ.

“ಹಂಗಂದ್ರ ಟೊಂಗಿ ಮುಟ್ಟಬಾರದೇನು? ನೆರಳಿಗಿ ಜೋಳ ಏಳಂಗಿಲ್ಲೋ ತಮ್ಮಾ” ಅಂದರು ಕಾಕಾ. ಇದು ಒಕ್ಕಲಿಗರ ನಿಜವಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡದೆ ಗಿಡ ಉಳಿಸಿ ಅಂದರೆ ಯಾರೂ ಕೇಳುವುದಿಲ್ಲ. ರಾಜಸ್ಥಾನದವರು ಚಳಿಗಾಲದಲ್ಲಿ ಖೇಜಡಿಯ ಟೊಂಗೆ ಸವರಿ ಎಲೆಯನ್ನು ಒಣಗಿಸಿ ಮೇವು ಮಾಡುತ್ತಾರೆ. ಆ ಎಲೆಯಲ್ಲಿ ನೂರಕ್ಕೆ 12–14ರಷ್ಟು ಪ್ರೋಟೀನ್ ಇರುತ್ತದೆ. ನಮ್ಮ ಹಿಂಗಾರಿ ಬಿಳಿಜೋಳ ಬಿತ್ತುವುದೂ ದಸರೆಯ ಆಸುಪಾಸಿನಲ್ಲೇ. ಆ ಹೊತ್ತಿಗೆ ಕೆಳಗಿನ, ಬದಿಯ ಟೊಂಗೆಗಳನ್ನು ಹರಿತ ಕುಡಗೋಲಿನಿಂದ ಸವರಿದರೆ ಬಿಸಿಲು ಬೆಳೆಗೆ ಇಳಿಯುತ್ತದೆ, ಆಡಿಗೆ ಮೇವಾಗುತ್ತದೆ, ಹಬ್ಬಕ್ಕೆ ಬನ್ನಿಯೂ ಆಗುತ್ತದೆ. ನೆತ್ತಿಯನ್ನು ಮಾತ್ರ ಬಿಡಬೇಕು, ಒಂದೇ ಗಿಡವನ್ನು ಪ್ರತಿ ವರ್ಷ ಬೋಳು ಮಾಡಬಾರದು. ಹಾಗೆ ಬೋಳು ಮಾಡಿ ಮಾಡಿ ರಾಜಸ್ಥಾನದಲ್ಲೇ ಎಷ್ಟೋ ಖೇಜಡಿಗಳು ಸೊರಗಿ, ಬೇರಿಗೆ ಹುಳು ಬಿದ್ದು ಒಣಗಿವೆ.

ಹೊಸದಾಗಿ ಬೆಳೆಸುವುದೂ ದೊಡ್ಡ ಕೆಲಸವಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಕಾಯಿ ಒಣಗಿ ಉದುರುತ್ತದೆ. ಬೀಜ ಬಿಡಿಸಿ, ಕಾಯಿಸಿ ಇಳಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬದುವಿನ ಮೇಲೆ ಬೆರಳುದ್ದ ಆಳವೂ ಇಲ್ಲದ ಕುಳಿಯಲ್ಲಿ ನಾಲ್ಕೈದು ಬೀಜ ಊರಿದರೆ ಆಯಿತು. ಚೀಲದಲ್ಲಿ ಸಸಿ ಮಾಡುವವರು ಉದ್ದನೆಯ ಚೀಲ ತೊಗೊಳ್ಳಬೇಕು, ಗಿಡ್ಡ ಚೀಲದಲ್ಲಿ ತಾಯಿಬೇರು ಸುತ್ತಿಕೊಂಡರೆ ಮುಂದೆ ಆಳಕ್ಕೆ ಇಳಿಯುವುದಿಲ್ಲ. ಮೊದಲ ಎರಡು ಮೂರು ವರ್ಷ ಆಡಿನಿಂದ ಕಾಯಬೇಕು. ಅದಕ್ಕೆ ಬಳ್ಳಾರಿ ಜಾಲಿಯ ಟೊಂಗೆಗಿಂತ ಒಳ್ಳೆಯ ಬೇಲಿ ಇಲ್ಲ, ಅದನ್ನು ಕಡಿಯಲು ಇದೊಂದು ಒಳ್ಳೆಯ ನೆವ. ಕಾಯಿಗಾಗಿಯೇ ಬೆಳೆಸಬೇಕು ಅನ್ನುವವರಿಗೆ ಬಿಕಾನೇರಿನ ಕೇಂದ್ರೀಯ ಒಣ ತೋಟಗಾರಿಕೆ ಸಂಸ್ಥೆಯವರು ಥಾರ್ ಶೋಭಾ ಅನ್ನುವ, ಮುಳ್ಳಿಲ್ಲದ, ಕಸಿ ಕಟ್ಟುವ ತಳಿ ಕೊಟ್ಟಿದ್ದಾರೆ. ನಮ್ಮ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೊಲದಲ್ಲಿ ನೆಟ್ಟ ಸಸಿ ಬದುಕಿ ಉಳಿದರೆ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ಸಾಗುವಾನಿ, ಹೆಬ್ಬೇವು ಕೇಳುವ ಜೊತೆಗೆ ಬನ್ನಿ ಸಸಿಯೂ ಬೇಕು ಅಂತ ನಾವೇ ನರ್ಸರಿಯವರಿಗೆ ಮೊದಲೇ ಹೇಳಿಡಬೇಕು. ಕೇಳುವವರಿದ್ದರೆ ಬೆಳೆಸುವವರೂ ಇರುತ್ತಾರೆ.

ಅಫಜಲಪುರ, ಆಳಂದ, ಜೇವರ್ಗಿ, ಎಲ್ಲ ಕಡೆಯ ನನ್ನ ಒಕ್ಕಲುತನದ ಬಂಧುಗಳಿಗೆ ಕೈಮುಗಿದು ಹೇಳುವುದು ಇಷ್ಟೇ. ಬದುವಿನ ಮೇಲೆ ಇರುವ ಬನ್ನಿಯನ್ನು ತೆಗೆಸಬೇಡಿ. ಇಲ್ಲದವರು ಬರುವ ಮುಂಗಾರಿಗೆ ಒಂದು ಊರಿ. ದಸರೆಗೆ ಯಾರ ಹೊಲದಿಂದ ಬನ್ನಿ ತರುತ್ತೀರೋ ಅವರಿಗೆ ಒಂದು ಸಸಿ ಕೊಟ್ಟು ಬನ್ನಿ.